ದುಡ್ಡು ಕಟ್ಟಿ ಸೇವೆಗೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ಮೂರು ವಾರಕ್ಕೆ ಅಂತ ಕಾಂಬೋಡಿಯಾಕ್ಕೆ ಹೋದವಳು ಹತ್ತನೇ ದಿನಕ್ಕೆ ವಾಪಸ್ ಬಂದೆ. ಕಡಿಮೆ ಖರ್ಚಲ್ಲಿ ಹೊರದೇಶ ನೋಡಬೇಕು, ಜೊತೆಗೆ ಯಾರಿಗಾದರೂ ಉಪಯೋಗ ಆಗಬೇಕು ಅನ್ನುವ ಆಸೆ ಇತ್ತು. ಎರಡೂ ಆಗಲಿಲ್ಲ. ನನ್ನನ್ನು ಸ್ವಯಂಸೇವೆಗೆ ಅಂತ ಕಳಿಸಿದ ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಬೇರೆ ಬೇರೆ ಹೆಸರಲ್ಲಿ ಇದೇ ಆಟ ಆಡುವವರು ಬೇಕಾದಷ್ಟು ಜನ ಇದ್ದಾರೆ. ಆಟ ಹೇಗೆ ನಡೆಯುತ್ತೆ ಅಂತ ಗೊತ್ತಾದರೆ ಸಾಕು.

ಮೊದಲು ಎಲ್ಲಾ ಫ್ರೀ, ನೋಂದಣಿಗೆ ಮಾತ್ರ ಸ್ವಲ್ಪ ಕಟ್ಟಿ ಅಂದರು. ಕಟ್ಟಿದೆ. ಆಮೇಲೆ ಪ್ರಾಜೆಕ್ಟ್ ಫೀ ಬಂತು. ಅದರ ಬೆನ್ನಿಗೇ ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋಗುವ ಫೀ, ತರಬೇತಿ ಫೀ. ತರಬೇತಿ ಅಂದರೆ ಹನ್ನೆರಡು ಪುಟದ ಒಂದು ಪಿಡಿಎಫ್! ಪ್ರತಿ ಸಲ ಫೋನ್ ಮಾಡಿದಾಗಲೂ "ಎರಡೇ ಸೀಟು ಉಳಿದಿವೆ" ಅನ್ನುತ್ತಿದ್ದರು. ಸೇವೆ ಮಾಡೋಕೆ ಸೀಟು ಯಾಕೆ ಮುಗಿಯುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ಕೊನೆಗೆ ಲೆಕ್ಕ ಹಾಕಿದರೆ, ಹೋಗಿಬರುವ ಟಿಕೆಟ್ಟಿನ ಎರಡರಷ್ಟು ಇವರಿಗೇ ಕೊಟ್ಟಿದ್ದೆ.

ಹೊರಡುವ ಹಿಂದಿನ ರಾತ್ರಿ ಒಂದು ಮೆಸೇಜ್ ಬಂತು. "ಇಮಿಗ್ರೇಷನ್‌ನಲ್ಲಿ ಕೇಳಿದರೆ ಸುತ್ತಾಡೋಕೆ ಬಂದಿದ್ದೀನಿ ಅನ್ನಿ. ವಾಲಂಟಿಯರ್ ಅನ್ನಬೇಡಿ." ಆ ದೇಶದಲ್ಲಿ 'ಟಿ' ದರ್ಜೆಯ ವೀಸಾ ಪ್ರವಾಸಿಗಳಿಗೆ, ಕೆಲಸಕ್ಕೆ ಬರುವವರಿಗೆ 'ಇ' ದರ್ಜೆಯ ವೀಸಾ. ಸಂಬಳ ಇಲ್ಲದಿದ್ದರೂ ಕೆಲಸ ಕೆಲಸವೇ ಅಂತ ಎಷ್ಟೋ ದೇಶಗಳು ಲೆಕ್ಕ ಹಿಡಿಯುತ್ತವೆ. ಸಿಕ್ಕಿಬಿದ್ದರೆ ದಂಡ ಕಟ್ಟುವವರು, ವಾಪಸ್ ವಿಮಾನ ಹತ್ತುವವರು ನೀವು, ಅವರಲ್ಲ. ಅಲ್ಲಿಗೇ ನಿಲ್ಲಿಸಬೇಕಿತ್ತು ನಾನು. ಇಷ್ಟೊಂದು ಕಟ್ಟಿದ್ದೀನಲ್ಲ ಅಂತ ಹೊರಟುಬಿಟ್ಟೆ.

ಶಾಲೆ ಅಂದಿದ್ದರು, ಹೋಗಿ ನೋಡಿದರೆ ಅನಾಥಾಶ್ರಮ. ಮೊದಲ ದಿನ ಬೋರ್ಡ್ ಮೇಲೆ ಎ ಬಿ ಸಿ ಬರೆಯುತ್ತಿದ್ದೆ. ನಾನು ಡಿ ಬರೆಯುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಝಡ್ ತನಕ ಒಪ್ಪಿಸಿ ಮುಗಿಸಿದ್ದಳು. ಎಂಟೊಂಬತ್ತು ವರ್ಷ ಇರಬಹುದು. ಅವಳ ನೋಟ್‌ಬುಕ್ ತೆಗೆದು ನೋಡಿದೆ. ಮೊದಲು ಎ ಬಿ ಸಿ, ಆಮೇಲೆ ಬಣ್ಣಗಳ ಹೆಸರು, ಆಮೇಲೆ ಹಣ್ಣುಗಳ ಹೆಸರು. ಏಳನೇ ಪುಟದಲ್ಲಿ ಮತ್ತೆ ಎ ಬಿ ಸಿ. ಮೇಲಿನ ಸಾಲು ಮಾತ್ರ ಬೇರೆಯವರ ಕೈಬರಹ. ಮತ್ತೆ ಬಣ್ಣ, ಮತ್ತೆ ಹಣ್ಣು. ಹೀಗೆ ಐದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಯಾರೋ ಒಂದು ನಗುವ ಮುಖ ಬಿಡಿಸಿ ಹೋಗಿದ್ದರು. ನಾನು ಆರನೆಯವಳು.

ಭಾನುವಾರ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತರು. ಅದೇ ಹುಡುಗಿ ಓಡಿಹೋಗಿ ಅವರ ಸೊಂಟ ತಬ್ಬಿಕೊಂಡಳು. ಅಮ್ಮ! ಊಟ, ಓದು ಎರಡೂ ಸಿಗುತ್ತೆ ಅಂದಿದ್ದಕ್ಕೆ ಇಲ್ಲಿ ಬಿಟ್ಟಿದ್ದರಂತೆ.

ಇದು ಆ ಒಂದು ಕಡೆಯ ಕಥೆ ಅಂದುಕೊಳ್ಳಬೇಡಿ. ವಾಪಸ್ ಬಂದಮೇಲೆ ಓದಿದೆ. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಅನಾಥಾಶ್ರಮಗಳ ಸಂಖ್ಯೆ ಶೇ. 75ರಷ್ಟು ಏರಿತ್ತು. ಅಲ್ಲಿರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಇದ್ದಾರೆ ಅಂತ ಯುನಿಸೆಫ್ ಹೇಳಿತ್ತು. ನನ್ನಂಥವರು ದುಡ್ಡು ಹಿಡಿದುಕೊಂಡು ಬರುತ್ತಿದ್ದರೆ ಮಕ್ಕಳನ್ನು ತಂದು ತುಂಬಿಸುವುದೇ ವ್ಯಾಪಾರ ಆಗುತ್ತೆ, ಅಲ್ವಾ? ಇನ್ನೊಂದು ವಿಷಯ. ಮಕ್ಕಳ ಜೊತೆ ಬಿಡುವ ಮುಂಚೆ ನನ್ನ ಹತ್ತಿರ ಪೊಲೀಸ್ ಪ್ರಮಾಣಪತ್ರ ಕೂಡ ಯಾರೂ ಕೇಳಲಿಲ್ಲ. ಕೇಳಿದ್ದು ಕಾರ್ಡ್ ನಂಬರ್ ಮಾತ್ರ.

ಹಾಗಂತ ಹೋಗಲೇಬೇಡಿ ಅನ್ನುತ್ತಿಲ್ಲ. ಮಕ್ಕಳ ಆಶ್ರಮಗಳನ್ನು ಮಾತ್ರ ಬಿಟ್ಟುಬಿಡಿ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ 1920ರಿಂದ ಶ್ರಮದಾನದ ಶಿಬಿರ ನಡೆಸುತ್ತಿದೆ. ಎರಡು ಮೂರು ವಾರದ ಶಿಬಿರಗಳೇ ಜಾಸ್ತಿ. ಊಟ, ವಸತಿ ಅವರದು, ಪ್ರಯಾಣದ ಖರ್ಚು ಮತ್ತು ಒಂದಿಷ್ಟು ಶುಲ್ಕ ನಮ್ಮದು. 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೂಫ್ ಅನ್ನುವ ಜಾಲದ ಮೂಲಕ ಹೋದರೆ ಸಾವಯವ ತೋಟಗಳಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೈಜೋಡಿಸಬೇಕು, ಊಟ ಹಾಸಿಗೆ ಸಿಗುತ್ತೆ. ಇದಕ್ಕೂ ವೀಸಾ ನಿಯಮ ಏನು ಅಂತ ಆ ದೇಶದ ರಾಯಭಾರ ಕಚೇರಿಯನ್ನೇ ಕೇಳಿ. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ ಯುಎನ್‌ವಿ ನಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಅವರಲ್ಲಿ ಮನೆಯಿಂದಲೇ ಮಾಡುವ ಆನ್‌ಲೈನ್ ಕೆಲಸವೂ ಇದೆ.

ಯಾರೇ ಆಗಲಿ, ದುಡ್ಡು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ. ಈ ಹಣದಲ್ಲಿ ಎಷ್ಟು ಎಲ್ಲಿಗೆ ಹೋಗುತ್ತೆ, ಬರೆದು ಕೊಡ್ತೀರಾ? ನಾವ್ಯಾರೂ ಬರದ ತಿಂಗಳು ಈ ಕೆಲಸ ಯಾರು ಮಾಡ್ತಾರೆ? ನಾನು ಎರಡನೆಯದನ್ನು ಅಲ್ಲಿಗೆ ಹೋದಮೇಲೆ ಕೇಳಿದೆ. ಮೇಲ್ವಿಚಾರಕರು ಸುಮ್ನೆ ನಕ್ಕರು.

ರಿಫಂಡ್ ಕೇಳಿದ್ದಕ್ಕೆ, ಗೆಳೆಯರನ್ನು ಸೇರಿಸಿದರೆ ಮುಂದಿನ ಟ್ರಿಪ್‌ಗೆ ರಿಯಾಯಿತಿ ಕೊಡ್ತೀವಿ ಅಂತ ಉತ್ತರ ಬಂತು. ಕಾರ್ಡಿನಲ್ಲಿ ಕಟ್ಟಿದ್ದರ ಬಗ್ಗೆ ಬ್ಯಾಂಕಿಗೆ ತಕರಾರು ಬರೆದು ಕೊಟ್ಟಿದ್ದೇನೆ, ಇನ್ನೂ ವಿಚಾರಣೆಯಲ್ಲಿದೆ. ನೇರವಾಗಿ ಅವರ ಖಾತೆಗೆ ಹಾಕಿದ ನೋಂದಣಿ ಶುಲ್ಕದ ಆಸೆ ಬಿಟ್ಟಿದ್ದೇನೆ.