ಪರದೇಶದ ಪ್ರಯಾಣ ಸಲಹೆಗಳು: ಯಾವುದು ನಮಗೆ ಉಪಯೋಗಕ್ಕೆ ಬರುತ್ತದೆ?

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಜಪಾನ್ ಸರ್ಕಾರಗಳು ತಮ್ಮ ಪ್ರಜೆಗಳಿಗಾಗಿ ಬರೆಯುವ ದೇಶವಾರು ಪ್ರಯಾಣ ಸಲಹೆಗಳನ್ನು ನಾವೂ ಪುಕ್ಕಟೆ ಓದಬಹುದು. ನಮ್ಮ ವಿದೇಶಾಂಗ ಸಚಿವಾಲಯ ಸಂದರ್ಭ ಬಂದಾಗ ಎಚ್ಚರಿಕೆ ಕೊಡುತ್ತದೆಯೇ ಹೊರತು ಹೀಗೆ ಹಂತಗಳ ಪಟ್ಟಿ ಇಟ್ಟಿಲ್ಲ. ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಇವನ್ನು ನೋಡುವುದು ಒಳ್ಳೆಯದು.

ಅಮೆರಿಕದ್ದು 2018ರಿಂದ ನಾಲ್ಕು ಹಂತ: ಒಂದೆಂದರೆ ಸಾಮಾನ್ಯ ಎಚ್ಚರ ಸಾಕು, ನಾಲ್ಕೆಂದರೆ ‘ಹೋಗಬೇಡಿ’. ಮೊದಲೆರಡು ಹಂತದ ಪುಟಗಳನ್ನು ವರ್ಷಕ್ಕೊಮ್ಮೆ, ಕೊನೆಯೆರಡನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸುವ ಕ್ರಮ. ಪುಟದ ಮೇಲಿನ ದಿನಾಂಕವನ್ನೇ ಮೊದಲು ನೋಡಿ. ಭಾರತವೂ ಫ್ರಾನ್ಸೂ ಬಹುಕಾಲ ಎರಡನೇ ಹಂತದಲ್ಲೇ ಇದ್ದವು ಎಂದರೆ ಬರೀ ಸಂಖ್ಯೆ ಎಷ್ಟು ಕಡಿಮೆ ಹೇಳುತ್ತದೆಂದು ತಿಳಿಯುತ್ತದೆ. ಕಾರಣ ಮತ್ತು ಪ್ರದೇಶ ಓದಬೇಕು. ಹಂಪಿಗೆ ಬರಲು ಹಿಂಜರಿಯುವ ಅತಿಥಿಗೆ ಹೋಂಸ್ಟೇಯವರು ಕಳಿಸಬೇಕಾದದ್ದೂ ಆ ಭಾಗವನ್ನೇ: ‘ಹೋಗಬೇಡಿ’ ಎಂದಿರುವುದು ಪಾಕಿಸ್ತಾನದ ಗಡಿಯಂಥ ಕಡೆಗಳಿಗೆ.

ಬ್ರಿಟನ್ನಿನದರಲ್ಲಿ ಸಂಖ್ಯೆಯೇ ಇಲ್ಲ. ‘ಅಗತ್ಯವಿದ್ದರಷ್ಟೇ ಹೋಗಿ’, ‘ಹೋಗಲೇಬೇಡಿ’ ಎಂಬ ಎರಡೇ ಮಾತು. ಆದರೆ ಅದನ್ನು ಮೀರಿ ಹೋದ ಬ್ರಿಟಿಷರ ವಿಮೆ ಅಸಿಂಧುವಾಗಬಹುದು. ಆದ್ದರಿಂದಲೇ ಆ ಎರಡು ಮಾತಿಗೆ ಅಷ್ಟು ತೂಕ.

ಜಪಾನಿನದು ಹೆಚ್ಚು ಎಚ್ಚರದ ವ್ಯವಸ್ಥೆ. ನಾಲ್ಕು ಹಂತ, ಒಂದೇ ದೇಶದೊಳಗೆ ಪ್ರದೇಶವಾರು ಬಣ್ಣ, ಸಾಂಕ್ರಾಮಿಕ ರೋಗಕ್ಕೆ ಬೇರೆಯದೇ ಸೂಚನೆ. ಎರಡನೇ ಹಂತಕ್ಕೇರಿದರೆ ಅಲ್ಲಿ ತಂಡಪ್ರವಾಸಗಳು ರದ್ದಾಗುವುದೂ ಉಂಟು. ಕೋವಿಡ್ ನಂತರದ ಚೇತರಿಕೆಯಲ್ಲೂ ಈ ಸ್ವಭಾವ ಕಾಣುತ್ತದೆ: 2019ರಲ್ಲಿ ಸುಮಾರು 2 ಕೋಟಿ ಜಪಾನೀಯರು ಹೊರದೇಶಕ್ಕೆ ಹೋಗಿದ್ದರು, 2024ರಲ್ಲಿ ಸುಮಾರು 1.3 ಕೋಟಿ. ಅದೇ ವರ್ಷ ಜಪಾನಿಗೆ ಬಂದ ವಿದೇಶಿಯರು ಮಾತ್ರ 3.68 ಕೋಟಿ ದಾಟಿ ದಾಖಲೆ ಮಾಡಿದರು. ಯೆನ್ ಕುಸಿದದ್ದು ಎರಡಕ್ಕೂ ದೊಡ್ಡ ಕಾರಣ, ಎಲ್ಲವನ್ನೂ ಭಯದ ತಲೆಗೆ ಕಟ್ಟಬಾರದು. ದೇಶದೇಶಗಳ ಸಂಸ್ಕೃತಿಯನ್ನು ಹೋಲಿಸಿದ ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಅವರ ಅನಿಶ್ಚಿತತೆ ಸೂಚ್ಯಂಕದಲ್ಲಿ ಜಪಾನಿಗೆ 92, ಭಾರತಕ್ಕೆ 40, ಸಿಂಗಪುರಕ್ಕೆ 8 ಎಂದು ತೋರಿಸಿ, ಜಪಾನೀಯರು ಅಪಾಯಕ್ಕೆ ಹೆದರುವವರೆಂದು ವಾದ ಮುಗಿಸುವವರಿದ್ದಾರೆ. ಆ ಅಂಕ ಅಳೆಯುವುದು ಗೊತ್ತಿಲ್ಲದ್ದರ ಬಗೆಗಿನ ಕಸಿವಿಸಿಯನ್ನು, ಅಪಾಯದ ಹೆದರಿಕೆಯನ್ನಲ್ಲ. ಹಾಫ್‌ಸ್ಟೆಡ್ ಅವರೇ ಇವೆರಡನ್ನೂ ಬೇರೆಬೇರೆಯಾಗಿ ಇಟ್ಟಿದ್ದರು.

ನಮ್ಮವರಿಗೆ ನಾವು ಹೇಳುವುದು ಆಸ್ಟ್ರೇಲಿಯಾ ಸರ್ಕಾರದ ಸಲಹಾ ಜಾಲತಾಣ ಸ್ಮಾರ್ಟ್‌ಟ್ರಾವೆಲರ್. ನಾಲ್ಕು ಹಂತ, ಸರಳ ಇಂಗ್ಲಿಷ್. ಆರೋಗ್ಯ, ಸ್ಥಳೀಯ ಕಾನೂನು, ರಸ್ತೆ ಎಲ್ಲವೂ ವಿಂಗಡವಾಗಿವೆ. ಅದರ ಜೊತೆಗೆ ಬ್ರಿಟನ್ನಿನ ಪುಟ ಓದಿ. ಒಂದೇ ಊರಿಗೆ ಇಬ್ಬರೂ ಒಂದೇ ಕಾರಣ ಕೊಟ್ಟಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ.

ಎಡವುವುದು ವೀಸಾ ಭಾಗದಲ್ಲಿ. ಅಲ್ಲಿ ಬರೆದಿರುವ ಪ್ರವೇಶ ನಿಯಮ ಅವರವರ ಪಾಸ್‌ಪೋರ್ಟಿನವರಿಗೆ, ಭಾರತೀಯರಿಗಲ್ಲ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೆಂಬಂಥ ವಿಷಯವನ್ನು ಆಯಾ ದೂತಾವಾಸದ ಪುಟದಲ್ಲೇ ಖಚಿತಪಡಿಸಿಕೊಳ್ಳಿ. ತುರ್ತು ಸಂಖ್ಯೆಯೂ ಅಷ್ಟೇ: ಅಲ್ಲಿಯ ಭಾರತೀಯ ರಾಯಭಾರ ಕಚೇರಿಯದನ್ನು ಹೊರಡುವ ಮುಂಚೆ ಫೋನಿನಲ್ಲೂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ.