ಸಿಜೇರಿಯನ್ ಆದವರು ‘ಸ್ಕ್ಯಾನ್ ನಾರ್ಮಲ್’ ಅಂದ ತಕ್ಷಣ ಎದ್ದು ಬರಬೇಡಿ

ನಾನು ಎರಡು ವರ್ಷ ಹಾಗೆ ಎದ್ದು ಬಂದವಳು. ಮಗು ಹುಟ್ಟಿ ಹತ್ತು ತಿಂಗಳಿಗೆ ಮುಟ್ಟು ಮತ್ತೆ ಶುರುವಾಯಿತು. ಐದನೇ ದಿನಕ್ಕೆ ನಿಲ್ಲಬೇಕಾದದ್ದು, ಆಮೇಲೂ ಏಳೆಂಟು ದಿನ ಕಂದು ಬಣ್ಣದಲ್ಲಿ ಜಿನುಗುತ್ತಲೇ ಇರುತ್ತಿತ್ತು. ‘ಬಾಣಂತನದಲ್ಲಿ ನೀನು ಪಥ್ಯ ಮಾಡಲಿಲ್ಲ, ಅದಕ್ಕೇ’ ಅಂದರು ಅಮ್ಮ. ಡಾಕ್ಟರು ಹಾರ್ಮೋನ್ ಏರುಪೇರು ಅಂದರು.

ಸ್ಕ್ಯಾನ್ ಮಾಡಿಸಲಿಲ್ಲ ಅಂತೇನಿಲ್ಲ. ಮೂರು ಸಲ ಲೀಟರ್‌ಗಟ್ಟಲೆ ನೀರು ಕುಡಿದು, ಮೂತ್ರ ತಡೆದುಕೊಂಡು, ಬೆಂಚಿನ ಮೇಲೆ ಕಾಲು ಕುಣಿಸುತ್ತಾ ಕೂತಿದ್ದೇನೆ. ಮೂರೂ ಸಲ ಹೊಟ್ಟೆ ಮೇಲಿಂದ ನೋಡಿ ‘ಗರ್ಭಕೋಶ ನಾರ್ಮಲ್’ ಅಂತ ಬರೆದುಕೊಟ್ಟರು. ಸಿಜೇರಿಯನ್ ಆಗಿದೆಯಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಮ್ಮೆ ಟಿವಿಎಸ್, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್, ಮಾಡೋಣವಾ ಅಂದಿದ್ದರು. ನಾಚಿಕೆಯಾಗಿ ನಾನೇ ಬೇಡ ಅಂದೆ. ಆಮೇಲೆ ಒಂದೂವರೆ ವರ್ಷ ಹಾರ್ಮೋನ್ ಮಾತ್ರೆ ನುಂಗಿದೆ.

ಕೊನೆಗೆ ಬೇರೊಬ್ಬ ಡಾಕ್ಟರು ಜಿನುಗುತ್ತಿರುವ ದಿನವೇ ಬರಹೇಳಿ ಟಿವಿಎಸ್ ಮಾಡಿದರು. ಅದಕ್ಕೆ ಮೂತ್ರ ಮಾಡಿ ಬಂದೇ ಮಲಗಬೇಕು. ಐದು ನಿಮಿಷದ ಮುಜುಗರ, ಅಷ್ಟೇ. ಗರ್ಭಕೋಶದ ಹೊಲಿಗೆ ಜಾಗ ಸರಿಯಾಗಿ ಕೂಡಿಕೊಳ್ಳದೆ ಒಳಗೆ ಗುಳಿ ಬಿದ್ದಿತ್ತು. ಇದಕ್ಕೆ ‘ನಿಶ್’ ಅನ್ನುತ್ತಾರೆ. 2 ಮಿ.ಮೀ. ಆಳವಿದ್ದರೇ ಲೆಕ್ಕಕ್ಕೆ ಬರುತ್ತದೆ, ನನ್ನದು 6 ಇತ್ತು. ಮುಟ್ಟಿನ ರಕ್ತ ಆ ಗುಳಿಯಲ್ಲಿ ನಿಂತು, ಆಮೇಲೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಪಾಪ, ಪಥ್ಯದ್ದೇನೂ ತಪ್ಪಿರಲಿಲ್ಲ.

ಗುಳಿ ಇದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ, ಯಾವ ತೊಂದರೆಯೂ ಇಲ್ಲದೆ ಇರುವವರು ಎಷ್ಟೋ ಜನ. ನನ್ನ ಎದೆ ಝಲ್ಲೆಂದದ್ದು ಡಾಕ್ಟರ ಇನ್ನೊಂದು ಮಾತಿಗೆ. ಸಿಜೇರಿಯನ್ ಆದವರಲ್ಲಿ ಮುಂದಿನ ಬಸಿರು ಆ ಹೊಲಿಗೆ ಜಾಗದಲ್ಲೇ ಕಚ್ಚಿಕೊಳ್ಳುವುದುಂಟು. ಅಪರೂಪ ನಿಜ, ಆದರೆ ಕಚ್ಚಿಕೊಂಡರೆ ರಕ್ತಸ್ರಾವ ಪ್ರಾಣಕ್ಕೇ ಬರಬಹುದು. ಆದ್ದರಿಂದ ಮುಟ್ಟು ತಪ್ಪಿದರೆ ಮೂರು ತಿಂಗಳು ತುಂಬಲಿ ಅಂತ ಕಾಯಬೇಡಿ, ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿ 6–7 ವಾರಕ್ಕೇ ಟಿವಿಎಸ್ ಮಾಡಿಸಿ ಗರ್ಭದ ಚೀಲ ಎಲ್ಲಿ ಕೂತಿದೆ ಅಂತ ನೋಡಿಸಿ. ಅದು ಗೊತ್ತಾಗುವ ಮೊದಲು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಬಸಿರು ತೆಗೆಸಿಕೊಳ್ಳಲು ಮಾತ್ರ ಹೋಗಲೇಬೇಡಿ. ಅಲ್ಲಿಯವರೆಗೆ ಗರ್ಭಕೋಶ ಕ್ಲೀನ್ ಮಾಡಿಸಿಕೊಳ್ಳಲೂ ಒಪ್ಪಬೇಡಿ.

ಈಗ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ನನ್ನ ಪರ್ಸಿನಲ್ಲೇ ಇರುತ್ತದೆ. ಸ್ಕ್ಯಾನ್ ಟೇಬಲ್ ಹತ್ತುವ ಮೊದಲು ಅದನ್ನು ಕೈಗೆ ಕೊಟ್ಟು, ಹೊಲಿಗೆ ಜಾಗದಲ್ಲಿ ಸ್ನಾಯು ಎಷ್ಟು ದಪ್ಪ ಉಳಿದಿದೆ ಅನ್ನುವುದನ್ನೂ ರಿಪೋರ್ಟಿನಲ್ಲಿ ಬರೆಸಿಕೊಂಡೇ ಬರುತ್ತೇನೆ.