ಬಾಯಿಲೆಕ್ಕಕ್ಕೆ ಮೂರು ಇಸ್ಪೀಟಾಟ: ಯಾವುದು ಕಲಿಸುತ್ತದೆ, ಯಾವುದು ಬರೀ ಆಡಿಸುತ್ತದೆ

ಮಕ್ಕಳಿಗೆ ಅತಿ ಇಷ್ಟವಾಗುವುದು ಕದನ ಎಂಬ ಆಟ. ಹತ್ತು ತುಂಬಿಸಿ ಕೂಡುವ ಉಪಾಯ ಕಲಿಸುವುದರಲ್ಲಿ ಅದೇ ಎಲ್ಲಕ್ಕಿಂತ ಹಿಂದೆ.

ಗುಲಾಮ, ರಾಣಿ, ರಾಜ ತೆಗೆದರೆ ಕಟ್ಟಿನಲ್ಲಿ 40 ಎಲೆ, ಎಕ್ಕಕ್ಕೆ 1. ಇಬ್ಬರಿಗೂ 20 ಹಂಚಿ, ಎರಡೆರಡು ಎಲೆ ತೆರೆದು ಕೂಡಬೇಕು. ಮೊತ್ತ ಹೆಚ್ಚಿದ್ದವರಿಗೆ ನಾಲ್ಕೂ ಎಲೆ. ತೊಂದರೆಯೇನೆಂದರೆ, 8+5 ಬಂದಾಗ ಬೆರಳು ಮಡಚಿ ಒಂಬತ್ತು, ಹತ್ತು, ಹನ್ನೊಂದು ಎಂದು ಎಣಿಸಿದ ಮಗುವೂ ಗೆಲ್ಲುತ್ತದೆ. ಹಳೆಯ ದಾರಿ ಬಿಡಲು ಅದಕ್ಕೆ ಕಾರಣವೇ ಇಲ್ಲ. ಚುರುಕಾದ ಮಗು 9+7ರ ಎದುರು 9+4 ಕಂಡರೆ 7 ಮತ್ತು 4ನ್ನಷ್ಟೇ ನೋಡಿ ಎಲೆ ಬಾಚಿಕೊಳ್ಳುತ್ತದೆ. ಜಾಣತನ ಹೌದು, ಆದರೆ ಕೂಡಿದ್ದು ಏನೂ ಇಲ್ಲ.

ಹತ್ತರ ಜೋಡಿ ಆಟಕ್ಕೆ 10ನ್ನೂ ತೆಗೆದು 36 ಎಲೆ ಇಟ್ಟುಕೊಳ್ಳಿ. ತಲಾ ಐದು ಎಲೆ ಹಂಚಿ, ಉಳಿದದ್ದನ್ನು ನಡುವೆ ಕವುಚಿಡಿ. ಕೈಯಲ್ಲಿ 7 ಇದ್ದವರು "3 ಇದೆಯಾ?" ಎಂದು ಕೇಳಬೇಕು, ಇಲ್ಲವೆಂದರೆ ನಡುವಿನಿಂದ ಒಂದು ಎಲೆ. ಮೊದಮೊದಲು ಮಕ್ಕಳು 7 ಹಿಡಿದು 7ನ್ನೇ ಕೇಳುತ್ತಾರೆ. ಈ ಆಟ ತಪ್ಪನ್ನು ತಾನೇ ತೋರಿಸಿಕೊಡುತ್ತದೆ: ಸರಿಯಾಗಿ ಆಡಿದರೆ 18 ಜೋಡಿಯಾಗಿ ಕಟ್ಟು ಪೂರ್ತಿ ಖಾಲಿ. ಕೊನೆಗೆ 3 ಮತ್ತು 6 ಉಳಿದವೆಂದರೆ ಯಾರೋ 7ಕ್ಕೆ 4 ಸೇರಿಸಿದ್ದಾರೆ ಎಂದೇ ಅನುಮಾನಿಸಬಹುದು.

ಉಪಾಯ ನಿಜಕ್ಕೂ ಕೈಹತ್ತುವುದು ನಡುವಿನ ಒಂಬತ್ತು ಎಂಬ ಆಟದಲ್ಲಿ. 2ರಿಂದ 9ರವರೆಗಿನ 32 ಎಲೆ ಸಾಕು. 1 ಮತ್ತು 10ರಲ್ಲಿ ಒಡೆದು ಕೂಡುವ ಕೆಲಸವೇ ಬೀಳುವುದಿಲ್ಲ. ಒಂದು 9 ನಡುವೆ ತೆರೆದಿರಲಿ. 6 ಎಳೆದವರು "ಒಂದು ಕೊಟ್ಟರೆ ಹತ್ತು, ಉಳಿದದ್ದು ಐದು, ಹದಿನೈದು" ಎಂದು ಬಾಯಿಬಿಟ್ಟು ಹೇಳಿದರೆ ಎಲೆ ಅವರದು. ಬರೀ ಉತ್ತರ ಹೇಳಿದರೆ, ಅದು ಸರಿಯಿದ್ದರೂ, ಎಲೆ ಕಟ್ಟಿನ ಅಡಿಗೆ. ಈ ನಿಯಮ ಸಡಿಲಿಸಿದ ಗಳಿಗೆಯಲ್ಲೇ ಬೆರಳೆಣಿಕೆ ವಾಪಸು ಬರುತ್ತದೆ.

9 ಸಲೀಸಾದ ಮೇಲೆ ನಡುವೆ 8 ಇಡಿ. ಆಗ 8+6ಕ್ಕೆ 15 ಎನ್ನುವ ಮಕ್ಕಳು ಸಿಗುತ್ತಾರೆ: "ಒಂದು ಕಡಿಮೆ ಮಾಡು" ಅನ್ನುವುದನ್ನಷ್ಟೇ ಹಿಡಿದಿದ್ದಾರೆ, ಹತ್ತು ತುಂಬಿಸುವುದನ್ನಲ್ಲ. ಐದೈದರ ಎರಡು ಸಾಲಿನ ಹತ್ತು ಚೌಕ ಬರೆದು ಎಂಟರಲ್ಲಿ ಗುಂಡಿ ಇಟ್ಟರೆ, ಖಾಲಿ ಉಳಿದ ಎರಡು ಕಣ್ಣಿಗೆ ಬೀಳುತ್ತವೆ. ನಡುವೆ 7 ಇಟ್ಟಾಗ ಹತ್ತೇ ತುಂಬಿಸಬೇಕೆಂಬ ಹಟ ಬೇಡ. 7+8ಕ್ಕೆ "ಏಳೂ ಏಳೂ ಹದಿನಾಲ್ಕು, ಇನ್ನೊಂದು" ಅನ್ನುವುದೇ ಹತ್ತಿರದ ದಾರಿ.

ಮೂರು ಆಟಕ್ಕೂ ಸಮಾನವಾದ ಒಂದು ಕಾಟವಿದೆ. ಎಲೆಯ ಮೇಲಿನ ಆಟೀನು, ಕಳಾವರ್ ಗುರುತುಗಳನ್ನು ಮಕ್ಕಳು ಒಂದೊಂದಾಗಿ ಎಣಿಸುತ್ತಾರೆ. ದಪ್ಪ ಕಾಗದದ ಮೇಲೆ ಬರೀ ಅಂಕಿ ಬರೆದುಕೊಂಡರೆ ಅದು ನಿಲ್ಲುತ್ತದೆ.

ಮೊದಲು ಹತ್ತರ ಜೋಡಿಯನ್ನೇ ಆಡಿಸಿ. 8ಕ್ಕೆ ಎಷ್ಟು ಬೇಕೆಂದು ತಡವರಿಸುವ ಮಗುವಿಗೆ ನಡುವಿನ ಎಲೆಯ ಆಟ ಶಿಕ್ಷೆಯಾಗುತ್ತದೆ. ಕದನ ಕೊನೆಗಿರಲಿ, ಅದೂ ತಲಾ ಮೂರು ಎಲೆಯಲ್ಲಿ. 6, 9, 4 ಬಿದ್ದಾಗ 6 ಮತ್ತು 4ನ್ನು ಮೊದಲು ಸೇರಿಸುವವರು 9 ಕೂಡಲು ತಡವರಿಸುವುದಿಲ್ಲ. 40 ಎಲೆಗೆ ಆರು ಸುತ್ತು ಆಗುತ್ತವೆ, ನಾಲ್ಕು ಎಲೆ ಮಿಗುತ್ತವೆ.